ಕ್ಯೂ ಭಾರವಾದರೆ ಹೊಡೆತ ಜೋರಾಗುತ್ತದೆಯೇ? ತೂಗಿ, ಅಳೆದು, ಆಡಿ ನೋಡುವ ಬಗೆ

ಬೆಂಗಳೂರಿನ ಯಾವುದೇ ಸ್ನೂಕರ್ ಪಾರ್ಲರ್‌ನಲ್ಲಿ ಹೊಸಬನೊಬ್ಬ ಕ್ಯೂ (ಚೆಂಡು ಹೊಡೆಯುವ ಉದ್ದನೆಯ ಕೋಲು) ಕೊಳ್ಳುವ ಮಾತೆತ್ತಿದರೆ ಸಾಕು, ಪಕ್ಕದ ಟೇಬಲ್‌ನಿಂದ ಸಲಹೆ ಬಂದೇ ಬರುತ್ತದೆ: "ಸ್ವಲ್ಪ ಭಾರದ್ದೇ ತಗೋ ಮಗಾ. ಪವರ್ ಬರುತ್ತೆ, ಸ್ಕ್ರೂ ಚೆನ್ನಾಗಿ ಎಳೆಯುತ್ತೆ." ಸ್ಕ್ರೂ ಎಂದರೆ ಕ್ಯೂನಿಂದ ಹೊಡೆಯುವ ಬಿಳಿ ಚೆಂಡಿನ ಕೆಳಭಾಗಕ್ಕೆ ತಾಗಿಸಿ, ಬೇರೆ ಚೆಂಡಿಗೆ ಬಡಿದ ಮೇಲೆ ಅದು ಹಿಂದಕ್ಕೆ ಬರುವಂತೆ ಮಾಡುವುದು. ಆ ಮಾತು ನಂಬಿ ನಾನೂ 480 ಗ್ರಾಂನ ನನ್ನ ಕ್ಯೂಗೆ ಬಟ್ (ಹಿಂಬದಿಯ ದಪ್ಪ ತುದಿ) ಒಳಗೆ 2 ಔನ್ಸ್ ತೂಕ ಹಾಕಿಸಿದ್ದೆ. ಎರಡು ತಿಂಗಳು ಆಡಿದರೂ ಸ್ಕ್ರೂ ಹೊಡೆತದಲ್ಲಿ ಬಿಳಿ ಚೆಂಡು ಮೊದಲು ಎಷ್ಟು ಹಿಂದೆ ಬರುತ್ತಿತ್ತೋ ಅಷ್ಟೇ ಬರುತ್ತಿತ್ತು. ಮೆಲ್ಲಗೆ ತಳ್ಳಿ ನಿಲ್ಲಿಸಬೇಕಾದ ಹೊಡೆತಗಳಲ್ಲಿ ಮಾತ್ರ ಚೆಂಡು ಒಂದು ಗೇಣು, ಒಂದೂವರೆ ಗೇಣು ಮುಂದಕ್ಕೆ ಹೋಗಿ ನಿಲ್ಲುತ್ತಿತ್ತು. ಇದು ಹೀಗೇಕೆ ಎಂದು ಕಾಗದ ಹಿಡಿದು ಲೆಕ್ಕ ಹಾಕಿದೆ. ಆಮೇಲೆ ಟೇಬಲ್ ಮೇಲೆ ಪರೀಕ್ಷೆ ಮಾಡಿದೆ. ಎರಡೂ ಒಂದೇ ಉತ್ತರ ಕೊಟ್ಟವು.

ಆ ಉತ್ತರವನ್ನು ನನ್ನ ಮಾತಿನ ಮೇಲೆ ನಂಬಬೇಡಿ, ನೀವೇ ಕಂಡುಕೊಳ್ಳಿ. ಅದಕ್ಕೆ ಬೇಕಾಗುವುದು ಅಡುಗೆಮನೆಯ ಎಲೆಕ್ಟ್ರಾನಿಕ್ ತೂಕದ ಯಂತ್ರ, ಅಳತೆ ಟೇಪು, 10 ರೂಪಾಯಿಯ ನಾಲ್ಕು ನಾಣ್ಯ, ಕರೆಂಟ್ ಕೆಲಸದವರ ಕಪ್ಪು ಟೇಪು, 1 ಮಿ.ಮೀ. ದಪ್ಪದ ಸೋಲ್ಡರ್ ತಂತಿ ಒಂದು ಮೊಳ (ಎಸ್‌ಪಿ ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ), ಒಂದು ನೋಟ್‌ಬುಕ್, ಮತ್ತು ಟೇಬಲ್ ಮೇಲೆ ಎರಡು ಗಂಟೆ. ಪಾರ್ಲರ್ ಖಾಲಿಯಿರುವ ಬೆಳಗಿನ ಹೊತ್ತು ಒಳ್ಳೆಯದು.

ಮೊದಲು ಎಲ್ಲವನ್ನೂ ತೂಗಿ

ಅಂಗಡಿಯವರು ಕ್ಯೂ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. 1 ಔನ್ಸ್ ಎಂದರೆ 28.35 ಗ್ರಾಂ. ಸ್ನೂಕರ್ ಕ್ಯೂಗಳು ಸಾಮಾನ್ಯವಾಗಿ 16ರಿಂದ 18 ಔನ್ಸ್, ಅಂದರೆ ಸುಮಾರು 450ರಿಂದ 510 ಗ್ರಾಂ. ಪೂಲ್ (ಚಿಕ್ಕ ಟೇಬಲ್ ಮೇಲಿನ ಇಂಥದೇ ಆಟ) ಕ್ಯೂಗಳು 18ರಿಂದ 21 ಔನ್ಸ್. ಕ್ಯೂ ಎರಡು ತುಂಡಾಗಿ ಬಿಚ್ಚುವಂಥದ್ದಾದರೆ ಒಂದೊಂದನ್ನೇ ತೂಗಿ ಕೂಡಿಸಿ. ಕ್ಯೂ ಮೇಲೆ ಅಂಟಿಸಿದ ಚೀಟಿಯ ಅಂಕಿಯನ್ನು ನೆಚ್ಚಬೇಡಿ. ಮರ ತೇವ ಕುಡಿಯುತ್ತದೆ, ಬಿಡುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಇದ್ದ ತೂಕ ಬಳ್ಳಾರಿಯ ಬೇಸಿಗೆಯಲ್ಲಿ ಹಾಗೇ ಇರಬೇಕೆಂದಿಲ್ಲ.

ಇನ್ನು ಚೆಂಡು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ., ತೂಕ ಸುಮಾರು 140 ಗ್ರಾಂ. ಪೂಲ್ ಚೆಂಡು 57.15 ಮಿ.ಮೀ., 156ರಿಂದ 170 ಗ್ರಾಂ. ಪಾಕೆಟ್ ಇಲ್ಲದ ಕ್ಯಾರಮ್ ಬಿಲಿಯರ್ಡ್ಸ್‌ನ ಚೆಂಡು ಇನ್ನೂ ದಪ್ಪ, 205ರಿಂದ 220 ಗ್ರಾಂ. ಚೆಂಡು ಉರುಳದಂತೆ ಯಂತ್ರದ ಮೇಲೆ ಒಂದು ಬಟ್ಟಲಿಟ್ಟು, ಸೊನ್ನೆಗೆ ತಂದು ತೂಗಿ. ಬಿಳಿ ಚೆಂಡನ್ನು ಮರೆಯದೆ ತೂಗಿ. ಕೊನೆಗೆ ಅದು ಬೇಕಾಗುತ್ತದೆ.

ಕ್ಯೂ ಸಮತೂಕದ ಬಿಂದುವನ್ನೂ ಗುರುತಿಸಿ. ತೋರುಬೆರಳ ಮೇಲೆ ಕ್ಯೂ ಅಡ್ಡ ಇಟ್ಟು ಅತ್ತಿತ್ತ ಸರಿಸುತ್ತ ಹೋದರೆ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಬಟ್ ತುದಿಗೆ ಎಷ್ಟು ಸೆಂಟಿಮೀಟರ್ ಎಂದು ಬರೆದುಕೊಳ್ಳಿ. ಸ್ನೂಕರ್ ಕ್ಯೂನಲ್ಲಿ ಅದು ಹೆಚ್ಚಾಗಿ 40ರಿಂದ 46 ಸೆಂ.ಮೀ. ಒಳಗಿರುತ್ತದೆ.

ಡಿಕ್ಕಿಯ ಲೆಕ್ಕ

ಬಿಲಿಯರ್ಡ್ಸ್ ಚೆಂಡುಗಳ ಗಣಿತವನ್ನು ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲೇ ಬರೆದಿಟ್ಟ. ಗಾಳಿ ಮತ್ತು ಸಾಗರ ಪ್ರವಾಹಗಳ ಪಾಠದಲ್ಲಿ ಬರುವ ಕೊರಿಯೊಲಿಸ್ ಪರಿಣಾಮ ಅವನ ಹೆಸರಿನದೇ. ನಮಗೆ ಬೇಕಾದದ್ದು ಅದರಲ್ಲಿ ಅತಿ ಸರಳವಾದ ಭಾಗ, ಪಿಯುಸಿಯಲ್ಲಿ ಕಲಿತ ಸಂವೇಗ ಸಂರಕ್ಷಣೆ:

ಚೆಂಡಿನ ವೇಗ = ಕ್ಯೂ ವೇಗ × (1 + ಪುಟಿತದ ಗುಣಾಂಕ) × ಕ್ಯೂ ತೂಕ ÷ (ಕ್ಯೂ ತೂಕ + ಚೆಂಡಿನ ತೂಕ)

ಪುಟಿತದ ಗುಣಾಂಕ ಎಂದರೆ ಡಿಕ್ಕಿಯ ನಂತರ ಎರಡು ವಸ್ತುಗಳು ಎಷ್ಟು ಜೋರಾಗಿ ಪುಟಿದು ದೂರವಾಗುತ್ತವೆ ಎನ್ನುವ ಅಂಕಿ; ಚರ್ಮದ ಟಿಪ್‌ಗೆ (ಚೆಂಡಿಗೆ ತಾಗುವ ಕ್ಯೂ ತುದಿ) ಅದು ಸುಮಾರು 0.75. ಚೆಂಡು 142 ಗ್ರಾಂ ಎಂದಿಟ್ಟುಕೊಳ್ಳಿ. 480 ಗ್ರಾಂನ ಕ್ಯೂ ತಾನು ಬಂದ ವೇಗದ 1.35 ಪಟ್ಟನ್ನು ಚೆಂಡಿಗೆ ಕೊಡುತ್ತದೆ. 540 ಗ್ರಾಂನದು 1.39 ಪಟ್ಟು. ಕ್ಯೂ ತೂಕ 60 ಗ್ರಾಂ, ಅಂದರೆ ಶೇ 12ರಷ್ಟು ಏರಿದರೆ ಚೆಂಡಿನ ವೇಗ ಏರುವುದು ಶೇ 2.6 ಮಾತ್ರ. ಕ್ಯೂ ಬದಲು ರೈಲ್ವೆ ಹಳಿಯನ್ನೇ ಅದೇ ವೇಗದಲ್ಲಿ ತಂದು ತಾಗಿಸಿದರೂ 1.75 ಪಟ್ಟು ದಾಟುವುದಿಲ್ಲ. ಕಾರಣ ಸುಲಭ. ಚೆಂಡಿಗಿಂತ ಕ್ಯೂ ಆಗಲೇ ಮೂರೂವರೆ ಪಟ್ಟು ಭಾರವಿದೆ. ಅಷ್ಟು ಭಾರವಿರುವ ವಸ್ತುವಿಗೆ ಇನ್ನಷ್ಟು ಭಾರ ಸೇರಿದ್ದು ಚೆಂಡಿಗೆ ಹೆಚ್ಚು ಗೊತ್ತಾಗುವುದೇ ಇಲ್ಲ.

ಇಲ್ಲಿ ಒಂದು ಮಾತು. ಗ್ರಿಪ್ (ಹಿಂದಿನ ಕೈಯಲ್ಲಿ ಕ್ಯೂ ಹಿಡಿಯುವ ಜಾಗ) ಬಿಗಿ ಹಿಡಿದರೆ ತೋಳಿನ ತೂಕವೂ ಕ್ಯೂಗೆ ಸೇರುತ್ತದೆ ಎನ್ನುವವರಿದ್ದಾರೆ. ಟಿಪ್ ಚೆಂಡಿಗೆ ಅಂಟಿಕೊಂಡಿರುವುದು ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಅಂಗೈಯ ಮಾಂಸ ಮೆತ್ತಗಿರುವುದರಿಂದ ಅಷ್ಟರೊಳಗೆ ತೋಳು ಏನನ್ನೂ ತಳ್ಳಲಾರದು. ಬಿಗಿ ಹಿಡಿತದಿಂದ ಆಗುವುದು ಒಂದೇ, ಕ್ಯೂ ಓರೆಯಾಗುವುದು. ಹಕ್ಕಿಮರಿ ಹಿಡಿದಂತೆ ಹಿಡಿಯಿರಿ.

ತೋಳನ್ನೂ ಲೆಕ್ಕಕ್ಕೆ ತನ್ನಿ

ಮೇಲಿನ ಲೆಕ್ಕದಲ್ಲಿ ಕ್ಯೂ ವೇಗ ಒಂದೇ ಎಂದು ಇಟ್ಟುಕೊಂಡಿದ್ದೆವು. ಪೂರ್ತಿ ಬಲ ಹಾಕಿ ಹೊಡೆಯುವಾಗ ಅದು ಒಂದೇ ಇರುವುದಿಲ್ಲ. ತೋಳು ಕೊಡಬಲ್ಲ ಶಕ್ತಿಗೆ ಮಿತಿಯಿದೆ, ಕ್ಯೂ ಭಾರವಾದಷ್ಟೂ ಅದು ನಿಧಾನವಾಗುತ್ತದೆ. ಕ್ಯೂ ಜೊತೆಗೆ ಮುಂಗೈಯೂ ಬೀಸಬೇಕು. 70 ಕಿಲೋ ತೂಕದವರ ಮುಂಗೈ ಮತ್ತು ಹಸ್ತ ಸೇರಿ ಸುಮಾರು ಒಂದೂವರೆ ಕಿಲೋ. ಅದು ಮೊಣಕೈಯನ್ನು ಕೀಲಾಗಿಸಿಕೊಂಡು ತೂಗುವುದರಿಂದ, ಗ್ರಿಪ್ ಇರುವ ಜಾಗದಲ್ಲಿ ಅದರ ಜಡತ್ವ ಸುಮಾರು 600 ಗ್ರಾಂನಷ್ಟು ಎಂದು ನನ್ನ ಅಂದಾಜು.

ಶಕ್ತಿ ಅಷ್ಟೇ, ಆದರೆ ಅದನ್ನು ಕ್ಯೂ ಮತ್ತು ಆ 600 ಗ್ರಾಂ ಹಂಚಿಕೊಳ್ಳಬೇಕು ಎಂದು ಇಟ್ಟುಕೊಂಡು ಚೆಂಡಿನ ವೇಗ ಯಾವ ತೂಕಕ್ಕೆ ಅತಿ ಹೆಚ್ಚು ಎಂದು ಬಿಡಿಸಿದೆ. ಉತ್ತರ 490 ಗ್ರಾಂ ಬಂತು. ಚೆಂಡನ್ನು ಪೂಲ್‌ನ 165 ಗ್ರಾಂಗೆ ಬದಲಿಸಿದರೆ 535 ಗ್ರಾಂ. ಸ್ನೂಕರ್ ಆಡುವವರು 17 ಔನ್ಸ್ ಸುತ್ತಮುತ್ತ, ಪೂಲ್ ಆಡುವವರು 19 ಔನ್ಸ್ ಸುತ್ತಮುತ್ತ ಬಂದು ನಿಂತಿರುವುದಕ್ಕೂ ಈ ಅಂಕಿಗಳಿಗೂ ಇರುವ ಹೊಂದಿಕೆ ನೋಡಿ ನನಗೆ ಬಹಳ ಸಂತೋಷವಾಯಿತು. ತಲೆಮಾರುಗಳಿಂದ ಬಡಗಿಗಳೂ ಆಟಗಾರರೂ ಕೈಯಲ್ಲೇ ಈ ಲೆಕ್ಕ ಮಾಡಿಬಿಟ್ಟಿದ್ದಾರೆ.

ಅದಕ್ಕಿಂತ ಮುಖ್ಯವಾದದ್ದು ಆ ಶಿಖರ ಎಷ್ಟು ಚಪ್ಪಟೆ ಎನ್ನುವುದು. 490 ಗ್ರಾಂನಲ್ಲಿ ಸಿಗುವ ವೇಗ 100 ಎಂದರೆ, 440ರಲ್ಲಿ 99.8, 540ರಲ್ಲಿ 99.9, 600ರಲ್ಲಿ 99.4. ಅಂದರೆ ಜೋರು ಹೊಡೆತಕ್ಕೋಸ್ಕರ ಕ್ಯೂ ತೂಕ ಬದಲಿಸುವುದರಲ್ಲಿ ಅರ್ಥವೇ ಇಲ್ಲ. ನನ್ನ ಸ್ಕ್ರೂ ಮೊದಲಿದ್ದ ಹಾಗೇ ಉಳಿದದ್ದು ಇದಕ್ಕೇ.

ಮಕ್ಕಳಿಗೆ ಕಲಿಸುವವರು ಗಮನಿಸಿ. 40 ಕಿಲೋ ತೂಕದ ಹುಡುಗ ಅಥವಾ ಹುಡುಗಿಗೆ ಇದೇ ಲೆಕ್ಕ ಮಾಡಿದರೆ ಸುಮಾರು 400 ಗ್ರಾಂ ಬರುತ್ತದೆ. ಪಾರ್ಲರ್ ಗೋಡೆಗೆ ಒರಗಿಸಿಟ್ಟ ದೊಡ್ಡವರ ಕ್ಯೂ ಕೊಟ್ಟು "ಜೋರಾಗಿ ಹೊಡಿ ಪುಟ್ಟಾ" ಎಂದರೆ ಮಗು ಭುಜ ಎತ್ತಿ, ಮೈ ತಿರುಗಿಸಿ ಹೊಡೆಯಲು ಕಲಿಯುತ್ತದೆ. ಆ ಅಭ್ಯಾಸ ಬಿಡಿಸಲು ಆಮೇಲೆ ವರ್ಷಗಳೇ ಬೇಕು.

ಸ್ಕ್ರೂ ವಿಷಯ

ಚೆಂಡಿನ ವೇಗಕ್ಕೆ ಹೋಲಿಸಿದರೆ ಅದಕ್ಕೆ ಎಷ್ಟು ಸುತ್ತು ಸಿಗುತ್ತದೆ ಎನ್ನುವುದು ಟಿಪ್ ನಡುವಿನಿಂದ ಎಷ್ಟು ದೂರ ತಾಗಿತು ಎನ್ನುವುದೊಂದನ್ನೇ ಅವಲಂಬಿಸಿದೆ. ಆ ಸೂತ್ರದಲ್ಲಿ ಕ್ಯೂ ತೂಕ ಬರುವುದೇ ಇಲ್ಲ. ಒಂದೇ ಜಾಗಕ್ಕೆ ತಾಗಿ, ಚೆಂಡು ಒಂದೇ ವೇಗದಲ್ಲಿ ಹೊರಟರೆ, 15 ಔನ್ಸ್ ಕ್ಯೂ ಹೊಡೆದದ್ದೋ 20 ಔನ್ಸ್ ಕ್ಯೂ ಹೊಡೆದದ್ದೋ ಚೆಂಡಿಗೆ ತಿಳಿಯದು. ನಡುವಿನಿಂದ ಅರ್ಧ ತ್ರಿಜ್ಯದವರೆಗೆ, ಸ್ನೂಕರ್ ಚೆಂಡಿನಲ್ಲಿ ಸುಮಾರು 13 ಮಿ.ಮೀ.ವರೆಗೆ ಕೆಳಗಿಳಿಯಬಹುದು, ಅದು ದಾಟಿದರೆ ಟಿಪ್ ಜಾರುತ್ತದೆ. ಸ್ಕ್ರೂ ಹೆಚ್ಚಬೇಕಾದರೆ ಚಾಕ್ ಸರಿಯಾಗಿ ಹಚ್ಚಿ, ಬ್ರಿಡ್ಜ್ (ಕ್ಯೂಗೆ ಆಸರೆಯಾಗಿ ಟೇಬಲ್ ಮೇಲಿಟ್ಟ ಮುಂದಿನ ಕೈ) ತಗ್ಗಿಸಿ, ಕ್ಯೂ ಮಟ್ಟಸವಾಗಿಟ್ಟು, ನೀವು ಅಂದುಕೊಂಡ ಜಾಗಕ್ಕೇ ಟಿಪ್ ತಾಗುತ್ತಿದೆಯೇ ಎಂದು ನೋಡಿಕೊಳ್ಳಿ. ಎಷ್ಟೋ ಜನ ಕೆಳಗೆ ಗುರಿಯಿಟ್ಟು, ಹೊಡೆಯುವ ಗಳಿಗೆಯಲ್ಲಿ ಮೊಣಕೈ ಇಳಿಸಿ ನಡುವಿಗೇ ಹೊಡೆಯುತ್ತಾರೆ. ಮೊಬೈಲನ್ನು ಕುಶನ್ (ಟೇಬಲ್ ಅಂಚಿನ ರಬ್ಬರ್ ದಿಂಡು) ಮೇಲೆ ನಿಲ್ಲಿಸಿ ಸ್ಲೋ ಮೋಷನ್‌ನಲ್ಲಿ ಒಮ್ಮೆ ಚಿತ್ರಿಸಿಕೊಳ್ಳಿ.

ನಾಣ್ಯದ ಪರೀಕ್ಷೆ

ತೂಕದ ಬಿಸಿ ನಿಜವಾಗಿ ತಟ್ಟುವುದು ಮೆಲ್ಲನೆಯ ಹೊಡೆತದಲ್ಲಿ. ಅಲ್ಲಿ ತೋಳು ಪೂರ್ತಿ ಶಕ್ತಿ ಹಾಕುವುದಿಲ್ಲ, ತನಗೆ ನೆನಪಿರುವ ಒಂದು ವೇಗದಲ್ಲಿ ತೂಗುತ್ತದೆ. ಕ್ಯೂ ಭಾರವಾದರೂ ತೋಳು ಅದೇ ವೇಗದಲ್ಲಿ ಹೋದರೆ ಮೊದಲಿನ ಶೇ 2.6ರ ಲೆಕ್ಕ ಇಲ್ಲಿ ಜೀವ ಪಡೆಯುತ್ತದೆ. ಚೆಂಡು ಉರುಳಿ ನಿಲ್ಲುವ ದೂರ ವೇಗದ ವರ್ಗದಂತೆ ಏರುವುದರಿಂದ ಶೇ 2.6 ಹೋಗಿ ಶೇ 5 ಆಗುತ್ತದೆ. ಆರು ಮೀಟರ್ ಓಟದಲ್ಲಿ ಅದು 30 ಸೆಂ.ಮೀ.! ನನ್ನ ಒಂದೂವರೆ ಗೇಣಿನ ಗುಟ್ಟು ಇದೇ.

ಪರೀಕ್ಷೆ ಹೀಗೆ. ಬಿಳಿ ಚೆಂಡನ್ನು ಕಂದು ಚೆಂಡಿನ ಸ್ಪಾಟ್ (ಚೆಂಡಿಡಲು ಗುರುತಿಸಿದ ಚುಕ್ಕಿ) ಮೇಲಿಡಿ. ನೇರ ಎದುರಿನ ಕುಶನ್‌ಗೆ ಹೊಡೆದು, ವಾಪಸು ಬಂದು ಬಾಕ್ ಗೆರೆಯ (ಟೇಬಲ್‌ನ ಅಡ್ಡಕ್ಕೆ ಎಳೆದ, ಕಂದು ಸ್ಪಾಟ್ ಇರುವ ಗೆರೆ) ಮೇಲೆ ನಿಲ್ಲುವ ಹಾಗೆ ಪ್ರಯತ್ನಿಸಿ. ಹನ್ನೆರಡು ಅಡಿ ಟೇಬಲ್‌ನಲ್ಲಿ ಹೋಗಿಬರುವ ದೂರ ಸುಮಾರು 5.7 ಮೀಟರ್. ಹತ್ತು ಸಲ ಹೊಡೆಯಿರಿ. ಪ್ರತಿ ಸಲ ಗೆರೆಯಿಂದ ಎಷ್ಟು ಹಿಂದೆ ಅಥವಾ ಮುಂದೆ ನಿಂತಿತು ಎಂದು ಅಳೆದು ಬರೆಯಿರಿ. ಬಟ್ಟೆಯ ಮೇಲೆ ಚಾಕ್‌ನಿಂದ ಗುರುತು ಹಾಕಬೇಡಿ, ಸಣ್ಣ ಕಾಗದದ ಚೂರು ಸಾಕು.

ಈಗ 10 ರೂಪಾಯಿಯ ನಾಲ್ಕು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಬಟ್ ತುದಿಗೆ ಟೇಪು ಸುತ್ತಿ. ನಾಣ್ಯದ ಅಗಲ 27 ಮಿ.ಮೀ., ಬಟ್‌ಗೆ ಚೆನ್ನಾಗಿ ಕೂರುತ್ತದೆ. ನಾಲ್ಕೂ ಸೇರಿ ಸುಮಾರು 31 ಗ್ರಾಂ, ಔನ್ಸಿಗಿಂತ ತುಸು ಹೆಚ್ಚು. ಇನ್ನೂ ಹತ್ತು ಹೊಡೆತ. ಆಮೇಲೆ ನಾಣ್ಯ ತೆಗೆದು ಮತ್ತೆ ಹತ್ತು. ಈ ಮೂರನೆಯ ಸುತ್ತನ್ನು ಬಿಡಬೇಡಿ. ಎರಡನೆಯ ಸುತ್ತು ಚೆನ್ನಾಗಿ ಬಂದದ್ದು ತೂಕದಿಂದಲೋ, ಕೈ ಹದಕ್ಕೆ ಬಂದದ್ದರಿಂದಲೋ ಎಂದು ಹೇಳುವುದು ಅದೊಂದೇ.

ನೋಟ್‌ಬುಕ್‌ನಲ್ಲಿ ಎರಡು ಅಂಕಿ ನೋಡಿ. ಸರಾಸರಿ ಮುಂದಕ್ಕೆ ಸರಿದಿದ್ದರೆ ಚಿಂತೆಯಿಲ್ಲ, ಅದು ಲೆಕ್ಕ ಹೇಳಿದ ಸುಮಾರು 15 ಸೆಂ.ಮೀ., ತೋಳು ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತದೆ. ನೋಡಬೇಕಾದದ್ದು ಹರವನ್ನು, ಅಂದರೆ ಅತಿ ಹಿಂದೆ ನಿಂತ ಚೆಂಡಿಗೂ ಅತಿ ಮುಂದೆ ನಿಂತದ್ದಕ್ಕೂ ನಡುವಿನ ಅಂತರವನ್ನು. ಯಾವ ತೂಕದಲ್ಲಿ ಹರವು ಕಡಿಮೆಯೋ ಅದು ನಿಮ್ಮ ತೋಳಿನ ತೂಕ. ಕೈ ನಡುಗುವವರಿಗೆ, ಹೊಡೆತದಲ್ಲಿ ಜರ್ಕ್ ಇರುವವರಿಗೆ ಭಾರದ ಕ್ಯೂ ನೆರವಾಗಬಹುದು, ಏಕೆಂದರೆ ಜಡತ್ವ ಹೆಚ್ಚಿದ್ದಷ್ಟೂ ಸಣ್ಣ ಎಳೆತಗಳು ಕ್ಯೂ ದಿಕ್ಕನ್ನು ಕಡಿಮೆ ಕದಲಿಸುತ್ತವೆ. ಮೃದು ಸ್ಪರ್ಶದವರಿಗೆ ಹಗುರದ್ದೇ ಸೇರುತ್ತದೆ. ಇನ್ನೊಂದು ದಿನ ಇದನ್ನೇ ಮತ್ತೆ ಮಾಡಿ, ಎರಡು ದಿನವೂ ಒಂದೇ ಮಾತು ಹೇಳಿದರೆ ಮಾತ್ರ ನಂಬಿ.

ನಾಣ್ಯ ಅಂಟಿಸಿದಾಗ ಸಮತೂಕದ ಬಿಂದುವೂ ಸರಿಯುತ್ತದೆ. 500 ಗ್ರಾಂನ ಕ್ಯೂ 43 ಸೆಂ.ಮೀ.ನಲ್ಲಿ ತೂಗುತ್ತಿದ್ದರೆ ಈಗ ಅದು 41ರ ಹತ್ತಿರ ಬಂದಿರುತ್ತದೆ. ಆದರೆ ಬ್ರಿಡ್ಜ್ ಕೈ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಮೊದಲಿನಷ್ಟೇ, 160 ಗ್ರಾಂ ಆಸುಪಾಸು. ಸೇರಿಸಿದ್ದೆಲ್ಲ ಗ್ರಿಪ್ ಕೈ ಹೊರುತ್ತದೆ. "ಮುಂದೆ ಹಗುರ ಅನಿಸ್ತಿದೆ" ಎಂದು ಯಾರಾದರೂ ಹೇಳಿದರೆ ಅವರಿಗೆ ಬೇಕಾದದ್ದು ತೂಕವಲ್ಲ, ಸಮತೂಕ ಮುಂದಿರುವ ಬೇರೆ ಕ್ಯೂ.

ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು. ಅವರ ಬಿಲಿಯರ್ಡ್ಸ್ ಬ್ರೇಕ್ (ತಪ್ಪದೆ ಒಂದೇ ಸಮ ಅಂಕ ಗಳಿಸುತ್ತ ಹೋಗುವ ಸರಣಿ) ಒಂದನ್ನು ವಿಡಿಯೋದಲ್ಲಿ ಪೂರ್ತಿ ನೋಡಿ. ಮೂರೇ ಚೆಂಡು, ಬಹುಪಾಲು ಹೊಡೆತ ಮೆಲ್ಲನೆಯವು, ಪ್ರತಿ ಸಲವೂ ಚೆಂಡು ನಿಲ್ಲಬೇಕಾದ ಅಂಗೈಯಗಲದ ಜಾಗದಲ್ಲೇ ನಿಲ್ಲುತ್ತದೆ. ತೂಕ ಆರಿಸುವುದು ಆ ಅಂಗೈಯಗಲಕ್ಕಾಗಿ.

ಸೈಡ್ ಹೊಡೆತ: ತುದಿಯ ಮೂರು ಗ್ರಾಂ

ಬಟ್‌ನಲ್ಲಿ 31 ಗ್ರಾಂ ಮಾಡದ ಬದಲಾವಣೆಯನ್ನು ಟಿಪ್ ಬಳಿ 3 ಗ್ರಾಂ ಮಾಡುತ್ತದೆ. ಬಲಕ್ಕೆ ಸೈಡ್ ಕೊಟ್ಟು, ಅಂದರೆ ಚೆಂಡಿನ ನಡುವಿನಿಂದ ಬಲಕ್ಕೆ ಟಿಪ್ ತಾಗಿಸಿ ಹೊಡೆದರೆ ಬಿಳಿ ಚೆಂಡು ಕ್ಯೂ ಗುರಿಯಿಟ್ಟ ಗೆರೆಯಲ್ಲೇ ಹೋಗದೆ ತುಸು ಎಡಕ್ಕೆ ಹೊರಡುತ್ತದೆ. ಚೆಂಡು ತಿರುಗುತ್ತ ಟಿಪ್ ಅನ್ನು ಪಕ್ಕಕ್ಕೆ ತಳ್ಳುತ್ತದೆ. ಟಿಪ್ ಅಷ್ಟೇ ಬಲದಿಂದ ಚೆಂಡನ್ನು ಆಚೆಗೆ ತಳ್ಳುತ್ತದೆ. ಪಕ್ಕಕ್ಕೆ ಸರಿಯಬೇಕಾದ ತುದಿ ಭಾರವಿದ್ದಷ್ಟೂ ಈ ತಳ್ಳು ಜಾಸ್ತಿ. ತಾಗುವ ಸಮಯ ಅಷ್ಟು ಚಿಕ್ಕದಾದ್ದರಿಂದ ಪಕ್ಕದ ಅಲುಗಾಟ ಕ್ಯೂ ಉದ್ದಕ್ಕೂ ಹರಿಯಲು ಪುರಸೊತ್ತಿಲ್ಲ. ಮುಂದಿನ 15–20 ಸೆಂ.ಮೀ. ಭಾಗ ಮಾತ್ರ ಇದರಲ್ಲಿ ಪಾಲುಗೊಳ್ಳುತ್ತದೆ, ಉಳಿದ ಕ್ಯೂ ಇದ್ದೂ ಇಲ್ಲದ ಹಾಗೆ. ಕೆಲವು ಶಾಫ್ಟ್‌ಗಳ (ಕ್ಯೂ ಮುಂಭಾಗ) ಮುಂದಿನ ತುದಿಯನ್ನು ಟೊಳ್ಳು ಮಾಡುವುದು, ಫೆರುಲ್ (ಟಿಪ್ ಹಿಂದಿನ ಪುಟ್ಟ ಬಳೆ) ಹಗುರ ಮಾಡುವುದು ಈ ಕಾರಣಕ್ಕೆ.

ಕಣ್ಣಾರೆ ನೋಡಬೇಕಾದರೆ ಬಿಳಿ ಚೆಂಡನ್ನು ಮತ್ತೆ ಕಂದು ಸ್ಪಾಟ್ ಮೇಲಿಡಿ. ನೀಲಿ, ಗುಲಾಬಿ, ಕಪ್ಪು ಸ್ಪಾಟ್‌ಗಳೆಲ್ಲ ಒಂದೇ ನೇರ ಗೆರೆಯಲ್ಲಿವೆ. ಕ್ಯೂ ಆ ಗೆರೆಗೆ ಸಮಾನಾಂತರವಾಗಿರಲಿ, ಟಿಪ್ ಮಾತ್ರ ನಡುವಿನಿಂದ ಒಂದು ಟಿಪ್ ಅಗಲ ಬಲಕ್ಕಿರಲಿ. ತಕ್ಕಮಟ್ಟಿಗೆ ಜೋರಾಗಿ ಹೊಡೆಯಿರಿ. ಮೆಲ್ಲಗೆ ಹೊಡೆದರೆ ಬಟ್ಟೆಯ ಮೇಲೆ ಚೆಂಡು ಬಾಗಿ ವಾಪಸು ಬಂದು ಲೆಕ್ಕ ಕೆಡಿಸುತ್ತದೆ. ಎದುರು ಕುಶನ್‌ಗೆ ಎಲ್ಲಿ ಬಡಿಯಿತು ಎಂದು ಗೆಳೆಯರೊಬ್ಬರು ಅಲ್ಲೇ ನಿಂತು ನೋಡಲಿ. ಒಂದೇ ಒಂದು ಡಿಗ್ರಿ ಓರೆಯಾದರೂ ಅಷ್ಟು ದೂರದಲ್ಲಿ 5 ಸೆಂ.ಮೀ., ಹೆಚ್ಚುಕಡಿಮೆ ಒಂದು ಚೆಂಡಿನ ಅಗಲ.

ಇದನ್ನು ಐದು ಸಲ ಹೊಡೆದು ಸರಾಸರಿ ಬರೆದುಕೊಳ್ಳಿ. ನಾಣ್ಯ ಅಂಟಿಸಿ ಐದು ಸಲ: ಏನೂ ಬದಲಾಗದು. ನಾಣ್ಯ ತೆಗೆದು, ಮೊಳದುದ್ದದ ಸೋಲ್ಡರ್ ತಂತಿಯನ್ನು ಫೆರುಲ್‌ನ ಹಿಂದೆಯೇ ಬಿಗಿಯಾಗಿ ಸುತ್ತಿ, ಮೇಲೆ ಟೇಪು ಹಾಕಿ. ಅದು ಸುಮಾರು 3 ಗ್ರಾಂ. ಬ್ರಿಡ್ಜ್ ಕೈಗೆ ತಾಗದಂತೆ ಬ್ಯಾಕ್‌ಸ್ವಿಂಗ್ ಚಿಕ್ಕದಾಗಿರಲಿ. ಈಗ ಹೊಡೆದರೆ ಚೆಂಡು ಇನ್ನಷ್ಟು ಎಡಕ್ಕೆ ಬಡಿಯುವುದು ಕಾಣುತ್ತದೆ. ಸೋಲ್ಡರ್‌ನಲ್ಲಿ ಸೀಸ ಇರಬಹುದಾದ್ದರಿಂದ ಮುಗಿದ ಮೇಲೆ ಕೈ ತೊಳೆದುಕೊಳ್ಳಿ.

ಹಾಗಾಗಿ ಟಿಪ್ ಅಥವಾ ಫೆರುಲ್ ಬದಲಿಸಿದ ದಿನ ಸೈಡ್ ಹೊಡೆತದ ಗುರಿ ತಪ್ಪಿದರೆ ನಿಮ್ಮ ಕಣ್ಣನ್ನು ಅನುಮಾನಿಸಬೇಡಿ. ಈ ಪರೀಕ್ಷೆ ಇನ್ನೊಮ್ಮೆ ಮಾಡಿ, ಹೊಸ ಓರೆ ಎಷ್ಟು ಎಂದು ತಿಳಿದುಕೊಂಡು ಆಟಕ್ಕೆ ಇಳಿಯಿರಿ.

ಚೆಂಡುಗಳು ಒಂದೇ ತೂಕದವೇ?

ಕ್ಯೂ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಚೆಂಡಿನ ತೂಕ ಕೇಳುವುದು ಅಪರೂಪ. ಸ್ನೂಕರ್ ನಿಯಮದ ಪ್ರಕಾರ ಒಂದು ಸೆಟ್‌ನ ಚೆಂಡುಗಳ ನಡುವೆ 3 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪಾರ್ಲರ್‌ನಲ್ಲಿ ಬಿಳಿ ಚೆಂಡು ಕಳೆದುಹೋಗಿ ಬೇರೆ ಸೆಟ್‌ನದು ಬಂದು ಕೂತಿರುತ್ತದೆ, ಅಥವಾ ಪ್ರತಿ ಹೊಡೆತದ ಏಟು ತಿಂದು ಬಿಳಿಯೇ ಹೆಚ್ಚು ಸವೆದಿರುತ್ತದೆ. ಇದರ ಪರಿಣಾಮ ಸ್ಟನ್ ಹೊಡೆತದಲ್ಲಿ (ಬಿಳಿ ಸುತ್ತದೆ ಜಾರಿ ಹೋಗಿ, ನೇರ ತಾಗಿದಲ್ಲೇ ನಿಲ್ಲುವ ಹೊಡೆತ) ಕಾಣುತ್ತದೆ. ಬಿಳಿ ಮತ್ತು ಕೆಂಪು ಎರಡೂ 142 ಗ್ರಾಂ ಇದ್ದರೆ ನೇರ ಡಿಕ್ಕಿಯ ನಂತರ ಬಿಳಿಯಲ್ಲಿ ಉಳಿಯುವುದು ಅದರ ವೇಗದ ಶೇ 2–3 ಮಾತ್ರ. ಬಿಳಿ 147 ಗ್ರಾಂ ಇದ್ದರೆ ಶೇ 4 ದಾಟುತ್ತದೆ, ಚೆಂಡು ಮುಂದಕ್ಕೆ ತೆವಳುತ್ತದೆ, ಸ್ಕ್ರೂ ಮೊಂಡಾಗುತ್ತದೆ. ಹಗುರವಾದರೆ ಸ್ಕ್ರೂ ಸಲೀಸು, ಫಾಲೋ (ತಾಗಿದ ಮೇಲೂ ಬಿಳಿ ಮುಂದೆ ಹೋಗುವುದು) ಕಷ್ಟ. ಓರೆ ಹೊಡೆತಗಳಲ್ಲಿ ಬಿಳಿ ಹೊರಡುವ ಕೋನವೂ ಅಷ್ಟಷ್ಟು ಬದಲಾಗುತ್ತದೆ.

ಪರೀಕ್ಷೆ ಸರಳ. ಒಂದು ಅಡಿ ಅಂತರದಲ್ಲಿ ಬಿಳಿ ಮತ್ತು ಕೆಂಪು ನೇರ ಇಟ್ಟು ಸ್ಟನ್ ಹೊಡೆಯಿರಿ, ಆಮೇಲೆ ಕೆಂಪನ್ನೇ ಬಿಳಿಯ ಜಾಗದಲ್ಲಿಟ್ಟು ಹೊಡೆಯಿರಿ. ಎರಡು ಸಲವೂ ಒಂದೇ ರೀತಿ ನಿಂತರೆ ಸೆಟ್ ಸರಿಯಿದೆ. ನಿಲ್ಲದಿದ್ದರೆ ತೂಕದ ಯಂತ್ರದ ಅಂಕಿಯನ್ನು ಪಾರ್ಲರ್ ಮಾಲೀಕರಿಗೆ ತೋರಿಸಿ. "ಸರ್, ಬಿಳಿ ಐದು ಗ್ರಾಂ ಜಾಸ್ತಿ ಇದೆ" ಎಂದು ಅಂಕಿ ಸಮೇತ ಹೇಳಿದರೆ ಕೇಳುವವರು ಇದ್ದೇ ಇರುತ್ತಾರೆ. ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ: ಭಾರದ ಚೆಂಡು ಕಡಿಮೆ ದೂರ ಉರುಳುತ್ತದೆ ಎನ್ನುವುದು. ಘರ್ಷಣೆ ತೂಕದ ಜೊತೆಗೇ ಏರುವುದರಿಂದ ಒಂದೇ ವೇಗದಲ್ಲಿ ಹೊರಟ ಎರಡು ಚೆಂಡುಗಳ ಓಟ ಒಂದೇ.

1875ರಲ್ಲಿ ಜಬಲ್ಪುರದಲ್ಲಿ ಸ್ನೂಕರ್ ಹುಟ್ಟಿದಾಗ, 1882ರಲ್ಲಿ ಮೈಸೂರಿಗೆ ಹತ್ತಿರದ ಊಟಿಯಲ್ಲಿ ಅದರ ನಿಯಮ ಬರೆದಾಗ, ದಂತದ ಚೆಂಡುಗಳ ಕಾಲ. ದಂತದ ಒಳಗು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಚೆಂಡಿನ ಭಾರ ಒಂದು ಪಕ್ಕಕ್ಕಿದ್ದರೆ ಉರುಳುತ್ತ ವಾಲುತ್ತದೆ. ಇಂದಿನ ಫಿನಾಲಿಕ್ ರಾಳದ ಚೆಂಡು ನಮಗೆ ಕೊಟ್ಟಿರುವ ನಂಬಿಕೆ ಅವರಿಗೆ ಇರಲಿಲ್ಲ.

ಕೊಳ್ಳಲು ಹೋದಾಗ

ನಾಣ್ಯದ ಪರೀಕ್ಷೆಯ ಅಂಕಿ ಜೇಬಿನಲ್ಲಿರಲಿ. ಸ್ನೂಕರ್‌ಗೆ 480ರಿಂದ 510 ಗ್ರಾಂ ಒಳಗೆ ಹುಡುಕಿ, ಅದರಾಚೆ ಹೋಗಲು ನಿಮ್ಮ ನೋಟ್‌ಬುಕ್ ಹೇಳಿದರೆ ಮಾತ್ರ ಹೋಗಿ. ಸಮತೂಕದ ಬಿಂದು ನಿಮ್ಮ ಹಳೆಯ ಕ್ಯೂಗಿಂತ 2 ಸೆಂ.ಮೀ.ಗಿಂತ ಹೆಚ್ಚು ದೂರವಿದ್ದರೆ ಹೊಂದಿಕೊಳ್ಳಲು ಸಮಯ ಬೇಕಾಗುತ್ತದೆ. ಸ್ನೂಕರ್ ನಿಯಮ ಕ್ಯೂ 914 ಮಿ.ಮೀ.ಗಿಂತ ಗಿಡ್ಡವಿರಬಾರದು ಎನ್ನುತ್ತದೆ. ಪೂಲ್‌ನಲ್ಲಿ ಗರಿಷ್ಠ 25 ಔನ್ಸ್. ಪೂಲ್ ಬ್ರೇಕ್‌ಗೆಂದು (ಆಟದ ಶುರುವಿನಲ್ಲಿ ಚೆಂಡುಗಳ ಗುಂಪು ಒಡೆಯುವ ಹೊಡೆತ) ಬೇರೆ ಕ್ಯೂ ಇಡುವವರಿಗೂ ಭಾರಕ್ಕಿಂತ ಗಟ್ಟಿ ಟಿಪ್ ಹೆಚ್ಚು ಕೊಡುತ್ತದೆ, ಏಕೆಂದರೆ ಪುಟಿತದ ಗುಣಾಂಕ 0.75ರಿಂದ 0.85ಕ್ಕೆ ಏರಿದರೆ ಚೆಂಡಿನ ವೇಗ ಶೇ 5–6 ಏರುತ್ತದೆ. 60 ಗ್ರಾಂ ಸೇರಿಸಿ ಗಳಿಸಿದ್ದರ ಎರಡು ಪಟ್ಟು ಅದು, ತೋಳಿಗೆ ಒಂದು ಗ್ರಾಂ ಹೊರೆಯೂ ಇಲ್ಲ.

ನನ್ನ ಬಟ್‌ನೊಳಗಿನ 2 ಔನ್ಸ್ ಈಗ ತೆಗೆದಾಗಿದೆ. ಬಾಕ್ ಗೆರೆಯ ಪರೀಕ್ಷೆಯಲ್ಲಿ ನನ್ನ ಹರವು 485 ಗ್ರಾಂನಲ್ಲಿ ಅತಿ ಕಡಿಮೆ ಬಂತು.